ನಲವತ್ತರ ಹೊಸ್ತಿಲಲ್ಲಿ ಜಪಾನಿ ಭಾಷೆ ಆರಿಸಿಕೊಂಡದ್ದು ಹೇಗೆ

ಹರಿಹರದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ದಿನಾ ಹೋಗಿ ಬರುತ್ತೇನೆ. ವಯಸ್ಸು ನಲವತ್ತರ ಹತ್ತಿರ ಬಂದಾಗ ಒಂದು ವಿದೇಶಿ ಭಾಷೆಯನ್ನು ಸರಿಯಾಗಿ ಕಲಿಯಬೇಕು ಅನ್ನಿಸಿತು. ಊರು ಬಿಡುವ ಯೋಚನೆ ಇರಲಿಲ್ಲ. ಕೆಲಸ ಮಾಡುತ್ತಲೇ, ದಿನಕ್ಕೆ ಒಂದು ತಾಸು ಹೊಂದಿಸಿಕೊಂಡು ಕಲಿಯಬೇಕಿತ್ತು. ಹಾಗಾಗಿ ಯಾವ ಭಾಷೆ ಅನ್ನುವುದನ್ನು ನಿಧಾನವಾಗಿ, ಎಲ್ಲ ಕಡೆಯಿಂದ ನೋಡಿ ತೀರ್ಮಾನ ಮಾಡಿದೆ. ದೊಡ್ಡವರು ಭಾಷೆ ಕಲಿಯಲು ಹೊರಟು ಅರ್ಧಕ್ಕೆ ಬಿಡುವುದಕ್ಕೆ ಬುದ್ಧಿ ಕಡಿಮೆ ಅನ್ನುವುದು ಕಾರಣವಲ್ಲ. ಆರಿಸಿದ ಭಾಷೆಗೆ ಅವರ ದಿನದಲ್ಲಿ ಜಾಗವೇ ಇರುವುದಿಲ್ಲ, ಅಷ್ಟೇ.

ಯಾವ ಭಾಷೆ ಸುಲಭ, ಯಾವುದು ಕಷ್ಟ ಅಂತ ಹುಡುಕಿದರೆ ಎಲ್ಲರೂ ತೋರಿಸುವುದು ಒಂದೇ ಪಟ್ಟಿ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಿದ ಅನುಭವದಿಂದ ಮಾಡಿದ ಪಟ್ಟಿ ಅದು. ಸ್ಪ್ಯಾನಿಷ್, ಫ್ರೆಂಚ್‌ಗೆ ಸುಮಾರು 600ರಿಂದ 750 ತಾಸು ತರಗತಿ. ಜರ್ಮನ್‌ಗೆ ಸುಮಾರು 900. ಅರಬ್ಬಿ, ಚೀನಿ, ಕೊರಿಯನ್, ಜಪಾನಿಗೆ 2,200. ಇದನ್ನು ನೋಡಿದ ಯಾರಿಗಾದರೂ ಜಪಾನಿ ಬೇಡಪ್ಪಾ ಅನ್ನಿಸುತ್ತದೆ.

ಆದರೆ ಅದೇ ಪಟ್ಟಿಯಲ್ಲಿ ಹಿಂದಿ, ತಮಿಳು, ತೆಲುಗು ಎಲ್ಲಿವೆ ನೋಡಿ. ಸುಮಾರು 1,100 ತಾಸು! ಫ್ರೆಂಚ್‌ಗಿಂತ ಕಷ್ಟ, ಜರ್ಮನ್‌ಗಿಂತಲೂ ಕಷ್ಟ. ನಮ್ಮ ದಾವಣಗೆರೆಯ ಹುಡುಗರು ತೆಲುಗು ಸಿನಿಮಾ ನೋಡುತ್ತಲೇ ತೆಲುಗು ಅರ್ಥ ಮಾಡಿಕೊಳ್ಳುತ್ತಾರೆ. ಯಾರೂ ತರಗತಿಗೆ ಹೋಗಿದ್ದಿಲ್ಲ. ಅಂದರೆ ಆ ಪಟ್ಟಿ ಅಳೆಯುತ್ತಿರುವುದು ಇಂಗ್ಲಿಷ್ ಮಾತೃಭಾಷೆಯವರಿಗೆ ಒಂದು ಭಾಷೆ ಎಷ್ಟು ದೂರ ಅನ್ನುವುದನ್ನು. ನನ್ನ ಮಾತೃಭಾಷೆ ಕನ್ನಡ. ನನ್ನ ದೂರವನ್ನು ನಾನು ಕನ್ನಡದಿಂದ ಅಳೆಯಬೇಕು. ಇದು ಹೊಳೆದ ಮೇಲೆ ನನ್ನ ಲೆಕ್ಕವೇ ಬದಲಾಯಿತು. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಆಮೇಲೆ ಒಂದೊಂದೇ ಭಾಷೆಯನ್ನು ಸ್ವಲ್ಪ ದಿನ ರುಚಿ ನೋಡಿದೆ. ದುಡ್ಡು ಕೊಟ್ಟು ಎಲ್ಲೂ ಸೇರಲಿಲ್ಲ. ಉಚಿತವಾಗಿ ಸಿಗುವ ಪಾಠಗಳೇ ಸಾಕಾದವು. ನೋಡಿದ್ದು ಎರಡೇ ವಿಷಯ. ವಾಕ್ಯ ಕಟ್ಟುವ ರೀತಿ ನನಗೆ ಹತ್ತಿರವಾಗಿದೆಯಾ? ನಾಳೆ ಬೆಳಿಗ್ಗೆ ಶಾಪಿಗೆ ಹೋದಾಗ ಈ ಭಾಷೆಯಿಂದ ಏನಾದರೂ ಕೆಲಸ ಆಗುತ್ತಾ?

ಸ್ಪ್ಯಾನಿಷ್ ಬೇಗ ಕೈಬಿಟ್ಟೆ. ಇಪ್ಪತ್ತು ದೇಶಗಳ ಆಡಳಿತ ಭಾಷೆ, ಕೇಳಲು ಚೆಂದ, ಆದರೆ ನನ್ನ ದಿನದಲ್ಲಿ ಅದು ಎಲ್ಲೂ ಎದುರಾಗುವುದಿಲ್ಲ. ಫ್ರೆಂಚ್ ಕೂಡ ಹಾಗೇ. ಕೆನಡಾಕ್ಕೆ ಹೋಗುವವರಿಗೆ ಅದರಿಂದ ಉಪಯೋಗ ಇದೆ. ಚೀನಿಯಲ್ಲಿ ಒಂದೇ ಉಚ್ಚಾರಕ್ಕೆ ನಾಲ್ಕು ರಾಗ, ರಾಗ ಬದಲಾದರೆ ಅರ್ಥವೇ ಬೇರೆ. ಕ್ರಿಯಾಪದ ವಾಕ್ಯದ ನಡುವೆ ಬರುತ್ತದೆ. ಎರಡೂ ನನಗೆ ದೂರ.

ಅರಬ್ಬಿ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮೂರಿನಿಂದ ಕೊಲ್ಲಿ ದೇಶಗಳಿಗೆ ಹೋದವರು ಇದ್ದಾರೆ. ಊರಲ್ಲಿ ಉರ್ದು ಓದುವವರೂ ಬಹಳ. ಅವರಿಗೆ ಲಿಪಿ ಆಗಲೇ ಗೊತ್ತು, ಸಾವಿರಾರು ಶಬ್ದಗಳೂ ಪರಿಚಯ. ಅಂಥವರು ಅರಬ್ಬಿ ಹಿಡಿಯುವುದು ಬಹಳ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಪುಸ್ತಕದ ಅರಬ್ಬಿ ಬೇರೆ, ಜನ ಮನೆಯಲ್ಲಿ, ಬೀದಿಯಲ್ಲಿ ಆಡುವ ಅರಬ್ಬಿ ಬೇರೆ. ದುಬೈ ಮಾತು ಬೇಕಾ, ಪತ್ರಿಕೆ ಓದುವುದು ಬೇಕಾ ಅಂತ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಕೊರಿಯನ್ ನನ್ನನ್ನು ನಿಜವಾಗಿ ಸೆಳೆಯಿತು. ಹದಿನೈದನೇ ಶತಮಾನದಲ್ಲಿ ಸೇಜೊಂಗ್ ಅನ್ನುವ ರಾಜ ಜನಸಾಮಾನ್ಯರಿಗಾಗಿಯೇ ಮಾಡಿಸಿದ ಲಿಪಿ ಅದು. ಕೆಲವೇ ದಿನದಲ್ಲಿ ಓದಲು ಬರುತ್ತದೆ. ವಾಕ್ಯದ ಕ್ರಮವೂ ಕನ್ನಡದ್ದೇ. ನನ್ನ ಶಾಪಿನಲ್ಲಿ ಜಪಾನಿ ಮಷಿನ್ ಇಲ್ಲದೇ ಇದ್ದಿದ್ದರೆ ಅದನ್ನೇ ಹಿಡಿಯುತ್ತಿದ್ದೆ.

ಅಲ್ಲಿಗೆ ಜಪಾನಿ. ಹರಿಹರ ಮಷಿನ್ ಗೊತ್ತಿರುವ ಊರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್‌ಗಳನ್ನು, ಅಂದರೆ ಲೋಹ ಕಡೆಯುವ ಮಷಿನ್‌ಗಳನ್ನು, ತಯಾರಿಸುತ್ತಿದ್ದದ್ದು ಇಲ್ಲೇ. ನಮ್ಮಂಥ ಸಣ್ಣ ಶಾಪುಗಳಿಗೂ ಜಪಾನಿ ಶಬ್ದ ಹೊಸದೇನಲ್ಲ. ಗೋಡೆ ಮೇಲೆ ಫೈವ್ ಎಸ್ ಬೋರ್ಡ್ ಇರುತ್ತದೆ, ಶಾಪನ್ನು ಒಪ್ಪವಾಗಿಡುವ ಐದು ಜಪಾನಿ ಸೂತ್ರ: ಸೇರಿ, ಸೇತೊನ್, ಸೇಸೊ, ಸೇಕೆತ್ಸು, ಶಿತ್ಸುಕೆ. ಕೈಜೆನ್, ಅಂದರೆ ಸ್ವಲ್ಪ ಸ್ವಲ್ಪವೇ ಸುಧಾರಿಸುತ್ತಾ ಹೋಗುವುದು, ಅಂತ ಎಲ್ಲರೂ ಹೇಳುತ್ತಾರೆ. ಮಷಿನ್ ನಡೆಸುವ ಕಂಪ್ಯೂಟರ್, ಫ್ಯಾನಕ್ ಕಂಟ್ರೋಲರ್, ಜಪಾನಿನದ್ದು. ನಮ್ಮಲ್ಲಿರುವ ಒಂದು ಸೆಕೆಂಡ್ ಹ್ಯಾಂಡ್ ಲೇತ್ ಅಲ್ಲಿಂದಲೇ ಬಂದದ್ದು. ಅದರ ಪ್ಯಾನೆಲ್ ಮೇಲೆ, ಎಣ್ಣೆ ಹಾಕುವ ಜಾಗದಲ್ಲಿ, ಎಲ್ಲ ಕಡೆ ಜಪಾನಿ ಅಕ್ಷರ. ಅಂದರೆ ಈ ಭಾಷೆ ದಿನಾ ಎಂಟು ತಾಸು ನನ್ನ ಕಣ್ಣೆದುರೇ ಇತ್ತು.

ಇನ್ನು ವ್ಯಾಕರಣ. ಇಲ್ಲಿ ನನಗೆ ಆದ ಸಂತೋಷವನ್ನು ಹೇಳಲೇಬೇಕು. ಜಪಾನಿಯಲ್ಲಿ ಕ್ರಿಯಾಪದ ಕೊನೆಗೆ. ವಿಭಕ್ತಿ ನಾಮಪದದ ಕೊನೆಗೆ ಅಂಟಿಕೊಳ್ಳುತ್ತದೆ. ‘ನಾನು ನಿನ್ನೆ ಕೊಂಡ ಪುಸ್ತಕ’ ಅನ್ನುವುದನ್ನು ಅವರೂ ಅದೇ ಸಾಲಿನಲ್ಲಿ ಹೇಳುತ್ತಾರೆ. ‘ಅಂತ ಹೇಳಿದ’ ಅನ್ನುವಲ್ಲಿ ನಮ್ಮ ‘ಅಂತ’ ಇರುವ ಜಾಗದಲ್ಲೇ ಅವರ ‘ತೊ’ ಕೂರುತ್ತದೆ. ಪ್ರಶ್ನೆ ಕೇಳಲು ನಾವು ಕೊನೆಗೆ ‘ಆ’ ಎಳೆದರೆ ಅವರು ‘ಕ’ ಹಾಕುತ್ತಾರೆ.

ಇದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಜೋಡಿ ಕ್ರಿಯಾಪದಗಳು. ನಾವು ‘ತಿಂದು ನೋಡು’ ಅಂತೇವಲ್ಲ, ಅವರು ‘ತಾಬೆತೆ ಮಿರು’ ಅಂತಾರೆ. ತಾಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ‘ಮಾಡಿಡು’ ಅನ್ನುವಲ್ಲಿ ಇಡು ಅನ್ನುವ ಅರ್ಥದ ‘ಒಕು’ ಬರುತ್ತದೆ. ‘ಮಾಡಿಕೊಡು’ ಅನ್ನುವಲ್ಲಿ ಕೊಡು ಅನ್ನುವ ಅರ್ಥದ ‘ಕುರೆರು’. ‘ತಿಂದುಬಿಟ್ಟೆ’ಗೂ ಅವರಲ್ಲಿ ಜೋಡಿ ಇದೆ. ಇಂಗ್ಲಿಷ್‌ನಲ್ಲಿ ಬರೆದ ಪಾಠಗಳು ಇವುಗಳಿಗೆ ಪುಟಗಟ್ಟಲೆ ವಿವರಣೆ ಕೊಡುತ್ತವೆ. ನನಗೆ ವಿವರಣೆ ಬೇಕಾಗಲೇ ಇಲ್ಲ. ಆಮೇಲಿಂದ ನನ್ನ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅರ್ಥ ಬರೆಯುವುದನ್ನೇ ಬಿಟ್ಟೆ. ಜಪಾನಿ ವಾಕ್ಯ, ಕೆಳಗೆ ಕನ್ನಡ ವಾಕ್ಯ, ಪದಕ್ಕೆ ಪದ. ಇದೊಂದು ಬದಲಾವಣೆಯಿಂದ ಕಲಿಕೆಯ ವೇಗವೇ ಬೇರೆಯಾಯಿತು.

ಕಿವಿಗೂ ಕನ್ನಡದ ಸಹಾಯ ಇದೆ. ಜಪಾನಿಯಲ್ಲಿ ‘ಒಬಸಾನ್’ ಅಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸಾನ್’ ಅಂದರೆ ಅಜ್ಜಿ. ಹ್ರಸ್ವ, ದೀರ್ಘ, ಒತ್ತಕ್ಷರ ನಮಗೆ ಒಂದನೇ ಕ್ಲಾಸಿನಿಂದ ಗೊತ್ತು. ಅವರ ಅಕ್ಷರಮಾಲೆಯ ಸಾಲು ಕೂಡ ಬೌದ್ಧ ಭಿಕ್ಷುಗಳ ಸಂಸ್ಕೃತ ಅಭ್ಯಾಸದ ಪ್ರಭಾವದಿಂದ ಬಂದದ್ದು. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಹಿರಾಗನಾ 46, ಕತಾಕನಾ 46 ಅಕ್ಷರ. ಇವನ್ನು ಕಾಗುಣಿತದ ಹಾಗೆ ಕಾಪಿ ಬರೆದು ಕಲಿತೆ.

ಕಷ್ಟ ಇರುವುದು ಕಾಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳಲ್ಲಿ. ಅಲ್ಲಿನ ಸರ್ಕಾರದ ಪಟ್ಟಿಯಲ್ಲಿರುವ ದಿನಬಳಕೆಯ ಕಾಂಜಿಗಳೇ 2,136. ಬಹಳಷ್ಟಕ್ಕೆ ಎರಡು ಮೂರು ಉಚ್ಚಾರ. ಇಲ್ಲಿ ಕನ್ನಡ ಏನೂ ಸಹಾಯ ಮಾಡುವುದಿಲ್ಲ, ಕೂತು ಬರೆಯಲೇಬೇಕು. ನಾನು ಪಾಠದ ಕ್ರಮ ಬಿಟ್ಟು ಮಷಿನ್ ಮೇಲಿದ್ದ ಕಾಂಜಿಗಳಿಂದ ಶುರು ಮಾಡಿದೆ. ದೆನ್‌ಗೆನ್ ಅಂದರೆ ಪವರ್. ಹಿಜೋ ತೇಶಿ ಅಂದರೆ ಎಮರ್ಜೆನ್ಸಿ ಸ್ಟಾಪ್. ಶುಜಿಕು ಅಂದರೆ ಸ್ಪಿಂಡಲ್ (ಮಷಿನ್‌ನ ತಿರುಗುವ ದಂಡ), ಕೈತೆನ್ ಅಂದರೆ ತಿರುಗುವುದು, ಅಬುರಾ ಅಂದರೆ ಎಣ್ಣೆ. ಈ ಪದಗಳು ಆರಂಭದ ಪಾಠಗಳಲ್ಲಿ ಸಿಗುವುದಿಲ್ಲ. ಆದರೆ ದಿನಾ ಮುಟ್ಟುವ ಬಟನ್ ಮೇಲಿನ ಅಕ್ಷರ ಮರೆಯುವುದು ಹೇಗೆ? ಶಾಪಿನ ಹುಡುಗರೂ ‘ಅಣ್ಣಾ, ಇದೇನು?’ ಅಂತ ಕೇಳುತ್ತಾ ಕೆಲವನ್ನು ಕಲಿತರು.

ಚಿಕ್ಕಪ್ಪನ ಮಗಳು ನರ್ಸಿಂಗ್ ಮುಗಿಸಿದ್ದಾಳೆ. ‘ಅಣ್ಣಾ, ನಾನೂ ಜಪಾನಿ ಕಲೀಲಾ?’ ಅಂದಳು. ಬೇಡ, ನೀನು ಜರ್ಮನ್ ಹಿಡಿ ಅಂದೆ. ಜಪಾನಿನಲ್ಲಿ ನರ್ಸ್ ಆಗಬೇಕಾದರೆ ಅಲ್ಲಿನ ರಾಷ್ಟ್ರೀಯ ಪರೀಕ್ಷೆಯನ್ನು ಜಪಾನಿಯಲ್ಲೇ ಬರೆಯಬೇಕು. ಜರ್ಮನಿಯಲ್ಲಿ ಅವಳ ಓದಿಗೆ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ-2 ಮಟ್ಟದ (ಆರು ಮಟ್ಟಗಳಲ್ಲಿ ನಾಲ್ಕನೆಯದು) ಜರ್ಮನ್ ಬೇಕು. ಲಿಪಿ ಹೊಸದಾಗಿ ಕಲಿಯಬೇಕಾಗಿಲ್ಲ. ಪರೀಕ್ಷೆಗೆ ಬೆಂಗಳೂರಿನಲ್ಲಿ ಜರ್ಮನ್ ಕಲಿಸುವ ಸಂಸ್ಥೆ ಮ್ಯಾಕ್ಸ್ ಮುಲ್ಲರ್ ಭವನ ಇದೆ. ವ್ಯಾಕರಣದಲ್ಲಿ ಜರ್ಮನ್ ನಮಗೆ ದೂರವೇ. ಆದರೂ ಅವಳ ಬದುಕಿಗೆ ಅದೇ ಹತ್ತಿರ. ಈಗ ಅವಳು ಬಿ-1 ಓದುತ್ತಿದ್ದಾಳೆ.

ನನ್ನ ಪಾಠಗಳಿಗೆ ಹೆಚ್ಚು ಖರ್ಚಾಗಲಿಲ್ಲ. ಜಪಾನಿನ ಸಂಸ್ಕೃತಿ, ಭಾಷೆ ಹರಡುವ ಸಂಸ್ಥೆ ಜಪಾನ್ ಫೌಂಡೇಶನ್ ಆರಂಭದ ಪಾಠಗಳನ್ನು ಆಡಿಯೋ ಸಮೇತ ಉಚಿತವಾಗಿ ಕೊಡುತ್ತದೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಕಿರುಪಾಠಗಳನ್ನು ಬಸ್ಸಿನಲ್ಲಿ ಕೇಳುತ್ತೇನೆ. ಜಪಾನಿ ಪ್ರಾವೀಣ್ಯ ಪರೀಕ್ಷೆಯಲ್ಲಿ ಸುಲಭದ ಎನ್-5ರಿಂದ ಕಷ್ಟದ ಎನ್-1ರವರೆಗೆ ಐದು ಹಂತ. ಕೇಂದ್ರ ಬೆಂಗಳೂರಿನಲ್ಲಿದೆ. ಎನ್-5, ಎನ್-4 ಪಾಸಾಗಿದ್ದೇನೆ. ಆದರೆ ಆ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ, ಎಲ್ಲ ಉತ್ತರ ಗುರುತು ಹಾಕುವುದು. ಸರ್ಟಿಫಿಕೇಟ್ ಬಂದರೂ ಬಾಯಿ ತೆರೆಯದೇ ಇರಬಹುದು. ಅದಕ್ಕೆ ಒಬ್ಬರು ಜಪಾನಿ ಮೇಡಂ ಹತ್ತಿರ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತೇನೆ. ನನ್ನ ದುಡ್ಡು ಹೋಗುವುದು ಇದೊಂದಕ್ಕೇ. ಸಮಯ ಹೊಂದಿಸಿಕೊಳ್ಳುವಾಗ ಮೂರೂವರೆ ತಾಸಿನ ವ್ಯತ್ಯಾಸ ಗಮನಿಸಬೇಕು. ನಮಗೆ ರಾತ್ರಿ ಒಂಬತ್ತು ಬಿಡುವಿನ ಹೊತ್ತು, ಅವರಿಗೆ ಆಗಲೇ ಹನ್ನೆರಡೂವರೆ. ಹಾಗಾಗಿ ಭಾನುವಾರ ಬೆಳಿಗ್ಗೆ ಆರಕ್ಕೆ ಕೂರುತ್ತೇನೆ, ಅಲ್ಲಿ ಒಂಬತ್ತೂವರೆ. ಕಳೆದ ಪಾಠದಲ್ಲಿ ನಮ್ಮ ಲೇತ್‌ನ ಪ್ಯಾನೆಲ್ ತೋರಿಸಿ, ಯಾವ ಬಟನ್ ಏನು ಮಾಡುತ್ತದೆ ಅಂತ ಪೂರ್ತಿ ಜಪಾನಿಯಲ್ಲೇ ಅವರಿಗೆ ವಿವರಿಸಿದೆ. ಡಿಸೆಂಬರಿಗೆ ಎನ್-3 ಕಟ್ಟುತ್ತಿದ್ದೇನೆ.