ಎರಡು ಹಳೇ ಟಯರ್ ಕೊಯ್ದು ನೋಡಿದ ಮೇಲೆ

ನಮ್ಮ ಮನೆ ತೀರ್ಥಹಳ್ಳಿ ಕಡೆ. ಟಾರು ರಸ್ತೆ ಬಿಟ್ಟರೆ ಮನೆವರೆಗೆ ಜಂಬಿಟ್ಟಿಗೆ ಕಲ್ಲಿನ ದಾರಿ, ಅಲ್ಲಿಂದ ತೋಟಕ್ಕೆ ಕಡಿದಾದ ಇಳಿಜಾರು. ಗೊಬ್ಬರಕ್ಕೂ ಹಸಿ ಅಡಿಕೆಗೂ ಒಂದೇ ಹಳೇ ಜೀಪು. ಶಿವಮೊಗ್ಗಕ್ಕೂ ಅದರಲ್ಲೇ ಓಡಾಟ.

ಮೊದಲು ಅದಕ್ಕಿದ್ದದ್ದು 6.00-16 ಅಳತೆಯ ನೈಲಾನ್ ಟಯರ್, ಅಂದರೆ ಒಳಗಿನ ದಾರ ಓರೆಯಾಗಿ ಇರುವ ಹಳೇ ಬಗೆಯದು. ತೋಟದಲ್ಲಿ ಅದರ ಮೇಲೆ ಒಂದು ದೂರೂ ಇರಲಿಲ್ಲ. ಆದರೆ ಶಿವಮೊಗ್ಗಕ್ಕೆ ಹೋಗುವ ಮಂಡಗದ್ದೆ ರಸ್ತೆಯಲ್ಲಿ ವೇಗ 60 ದಾಟಿದರೆ ಸಾಕು, ಸ್ಟೇರಿಂಗ್ ಅತ್ತ ಇತ್ತ ಎಳೆಯುತ್ತಿತ್ತು, ಟಾರಿನ ಮೇಲೆ ಲಾರಿ ಚಕ್ರದ ಜಾಡು ಬಿದ್ದಿದ್ದರೆ ಟಯರ್ ಆ ಜಾಡನ್ನೇ ಹಿಡಿದು ಹೋಗುತ್ತಿತ್ತು. ಚಳಿಗಾಲದ ಬೆಳಿಗ್ಗೆ ದಡ ದಡ ಸದ್ದು ಬೇರೆ. ಬೇರಿಂಗ್ ಹೋಗಿದೆ ಎಂದುಕೊಂಡಿದ್ದೆ. ರಾತ್ರಿಯಿಡೀ ನಿಂತ ಜಾಗದಲ್ಲಿ ನೈಲಾನ್ ಚಪ್ಪಟೆ ಆಗಿರುತ್ತದೆ, ಸ್ವಲ್ಪ ಓಡಿ ಬಿಸಿಯಾದ ಮೇಲೆ ಸರಿಹೋಗುತ್ತದೆ, ಅಷ್ಟೇ.

ಆಮೇಲೆ ರಿಮ್ ಸಮೇತ ಬದಲಾಯಿಸಿ 215/75 ಆರ್ 15 ಅಳತೆಯ ರೇಡಿಯಲ್ ಟಯರ್, ಅಂದರೆ ಒಳಗಿನ ದಾರ ನೇರ ಅಡ್ಡಕ್ಕೆ ಇರುವ ಬಗೆಯದು, ಹಾಕಿಸಿದೆ. ಟಾರು ರಸ್ತೆಯಲ್ಲಿ ಬೇರೆ ಗಾಡಿಯೇ ಆಯಿತು! ಮಳೆಯಲ್ಲಿ ಬ್ರೇಕ್ ಒತ್ತಿದರೆ ನಂಬಿಕೆ ಬರುತ್ತಿತ್ತು, ಆಗುಂಬೆ ಘಾಟಿ ತಿರುವಿನಲ್ಲಿ ಟಯರ್ ನೆಲ ಕಚ್ಚಿಕೊಂಡೇ ತಿರುಗುತ್ತಿತ್ತು. ಆದರೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಯಿತು. ಅಡಿಕೆ ಹೇರಿಕೊಂಡು ತೋಟದಿಂದ ಹತ್ತುವಾಗ ಜಾಡಿನ ಪಕ್ಕದ ಕಲ್ಲಿನ ಅಂಚು ಟಯರಿನ ಪಕ್ಕೆಯನ್ನು ಬೆರಳು ತೂರುವಷ್ಟು ಸೀಳಿತು. ಟ್ರೆಡ್, ಅಂದರೆ ನೆಲಕ್ಕೆ ತಾಗುವ ಗೀರಿನ ಮೈ, ಅರ್ಧವೂ ಸವೆದಿರಲಿಲ್ಲ. ಪಕ್ಕೆ ಸೀಳಿದ ಟಯರನ್ನು ಪ್ಯಾಚ್ ಹಾಕಿ ನಂಬುವ ಹಾಗಿಲ್ಲ. ಅದೇ ಕೊಯ್ಲಿನಲ್ಲಿ ಇನ್ನೊಂದೂ ಹೋಯಿತು.

ಹೊಟ್ಟೆ ಉರಿಯಿತು. ಸೀಳಿದ ಟಯರನ್ನೂ ಕೊಟ್ಟಿಗೆಯಲ್ಲಿದ್ದ ಸವೆದ ನೈಲಾನನ್ನೂ ಹ್ಯಾಕ್ಸಾ ಬ್ಲೇಡಿನಲ್ಲಿ ಅಡ್ಡಕ್ಕೆ ಕೊಯ್ದೆ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು, ರೇಡಿಯಲ್ಲಿನ ಉಕ್ಕಿನ ತಂತಿ ಎರಡು ಬ್ಲೇಡು ತಿಂದಿತು.

ನೈಲಾನಿನಲ್ಲಿ ದಾರದ ಪದರಗಳು ಓರೆಯಾಗಿ, ಒಂದರ ಮೇಲೊಂದು ಕತ್ತರಿ ಹಾಕಿದ ಹಾಗೆ ಇರುತ್ತವೆ. ಟ್ರೆಡ್ ಕೆಳಗೆ ಎಷ್ಟು ಪದರವೋ ಪಕ್ಕೆಯಲ್ಲೂ ಅಷ್ಟೇ. ಪಕ್ಕೆಯ ಮೇಲೆ 6 ಪಿಆರ್ (ಪ್ಲೈ ರೇಟಿಂಗ್) ಎಂದು ಬರೆದಿತ್ತು, ಎಣಿಸಿದರೆ 4 ಪದರ. ಅದು ಬಲದ ಅಳತೆ, ಪದರದ ಲೆಕ್ಕವಲ್ಲ. ರೇಡಿಯಲ್ಲಿನಲ್ಲಿ ದಾರ ಈ ರಿಮ್ಮಿನಂಚಿನಿಂದ ಆ ರಿಮ್ಮಿನಂಚಿಗೆ ನೇರ ಅಡ್ಡಕ್ಕೆ ಹೋಗುತ್ತದೆ. ಅದರ ಮೇಲೆ, ಟ್ರೆಡ್ ಕೆಳಗೆ ಮಾತ್ರ, ಉಕ್ಕಿನ ತಂತಿಯ ಪಟ್ಟಿ. ನನ್ನ ಟಯರಿನ ಪಕ್ಕೆಯಲ್ಲಿ ಇದ್ದದ್ದು ತೆಳು ಬಟ್ಟೆಯಂಥ ಪದರ, ಹೆಬ್ಬೆರಳಲ್ಲಿ ಒತ್ತಿದರೆ ಬಗ್ಗುತ್ತಿತ್ತು.

ಆ ಪಕ್ಕೆ ಬಗ್ಗುವುದರಿಂದಲೇ ಟ್ರೆಡ್ ರಸ್ತೆಗೆ ಚಪ್ಪಟೆಯಾಗಿ ಕೂರುತ್ತದೆ, ಹಿಡಿತ ಜಾಸ್ತಿ, ಬಿಸಿ ಕಡಿಮೆ, ಸವಕಳಿ ನಿಧಾನ. ನೈಲಾನಿನಲ್ಲಿ ಪಕ್ಕೆ ಮತ್ತು ಟ್ರೆಡ್ ಒಂದೇ ಮೈ. ಪಕ್ಕೆ ಅಲುಗಿದರೆ ಟ್ರೆಡ್ಡೂ ಅಲುಗುತ್ತದೆ, ಪದರಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ. ಆದರೆ ಕಲ್ಲಿಗೆ ಪಕ್ಕೆ ಕೊಟ್ಟರೂ ತಡೆಯುತ್ತದೆ. ರೇಡಿಯಲ್ ಹೊಸದೇನಲ್ಲ, ಫ್ರಾನ್ಸಿನ ಮಿಶೆಲಿನ್ 1946ರಲ್ಲೇ ಅದಕ್ಕೆ ಪೇಟೆಂಟ್ ಮಾಡಿಸಿತ್ತು. ಯಾವುದು ಒಳ್ಳೆಯದು ಎಂದು ಅಂಗಡಿಯಲ್ಲಿ ಕೇಳುವ ಬದಲು, ನಮ್ಮ ಹಳೇ ಟಯರ್ ಎಲ್ಲಿ ಕೆಟ್ಟಿದೆ ಎಂದು ನಾವೇ ನೋಡಬೇಕು ಅಲ್ವಾ? ಟ್ರೆಡ್ ಸವೆದು ಹೋದರೆ ರೇಡಿಯಲ್ ಹಾಕಿ. ಪಕ್ಕೆ ಸೀಳಿ ಹೋಗುತ್ತಿದ್ದರೆ ನೈಲಾನ್.

ನನ್ನದು ಎರಡೂ ಬಗೆಯ ಓಡಾಟ. ಹಾಗಾಗಿ ಹಳೇ 16 ಇಂಚಿನ ರಿಮ್ಮಿಗೆ ಹೊಸ ನೈಲಾನ್ ಹಾಕಿಸಿದೆ, ಹೋದ ಎರಡು ರೇಡಿಯಲ್ಲಿನ ಜಾಗಕ್ಕೂ ಹೊಸದು ತಂದೆ. ದುಡ್ಡು ಜಾಸ್ತಿಯೇ ಆಯಿತು. ಕೊನೆಕೊಯ್ಲಿಗೆ ಮುಂಚೆ ನೈಲಾನ್ ಹಾಕುತ್ತೇನೆ, ಕೊಯ್ಲು ಮುಗಿದ ಮೇಲೆ ರೇಡಿಯಲ್. ಜ್ಯಾಕ್ ಹಾಕಿ ಮನೆಯಲ್ಲೇ ಬದಲಾಯಿಸಿದರೆ ಒಂದು ಗಂಟೆಯ ಕೆಲಸ. ನೆನಪಿರಲಿ, ರೇಡಿಯಲ್ಲಿನ ಕೆಳಭಾಗ ಯಾವಾಗಲೂ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ. ಗಾಳಿ ಕಡಿಮೆ ಎಂದು ಸುಮ್ನೆ ತುಂಬಿಸಬೇಡಿ, ಗೇಜ್ ಹಿಡಿದು ನೋಡಿ. ನಾನು ಕಣ್ಣಂದಾಜಿಗೆ ತುಂಬಿಸಿ ಟ್ರೆಡ್ಡಿನ ನಡುಭಾಗ ಸವೆಸಿದ್ದೆ.

ಎರಡು ಜಾತಿ ಬೆರೆಸಿ ಮಾತ್ರ ಓಡಿಸಬೇಡಿ, ತಿರುವಿನಲ್ಲಿ ಒಂದೊಂದು ಒಂದೊಂದು ಥರ ಬಗ್ಗುತ್ತದೆ, ಒದ್ದೆ ರಸ್ತೆಯಲ್ಲಿ ಗಾಡಿ ಕೈ ಬಿಡುತ್ತದೆ. ನಾಲ್ಕು ಚಕ್ರ ಬದಲಾಯಿಸಿದ ದಿನ ಸ್ಟೆಪ್ನಿಯನ್ನೂ ಬದಲಾಯಿಸಿ.