ಬಾಸೆಲಿಟ್ಸ್ ಅವರ ಎಚಿಂಗ್ ಕೊಂಡಿದ್ದು ಹೀಗೆ

ಜರ್ಮನ್ ಕಲಾವಿದ ಗೇಯಾರ್ಗ್ ಬಾಸೆಲಿಟ್ಸ್ ಅವರ ಪೇಂಟಿಂಗ್ ನಮ್ಮಂಥ ಸಂಬಳದವರ ಕೈಗೆಟುಕುವಂಥದ್ದಲ್ಲ. ಆದರೆ ಅವರ ಪ್ರಿಂಟ್‌ಗಳು ಜರ್ಮನಿಯ ಹರಾಜುಗಳಿಗೆ ಆಗಾಗ ಬರುತ್ತವೆ. ಕಲೋನ್‌ನಲ್ಲಿ ಕೆಲಸಕ್ಕಿರುವ ನಾನು ಅಂಥದ್ದೇ ಒಂದು ಎಚಿಂಗ್ (ತಗಡಿನಲ್ಲಿ ಗೆರೆ ಕೊರೆದು ಅದರಿಂದ ಕಾಗದಕ್ಕೆ ಒತ್ತಿದ ಚಿತ್ರ) ಕೊಂಡೆ. ತಲೆಕೆಳಗಾದ ಹದ್ದು ಅದು. 1969ರಲ್ಲಿ ಅವರು ಚಿತ್ರಗಳನ್ನು ತಲೆಕೆಳಗಾಗಿ ಬರೆಯಲು ಶುರು ಮಾಡಿದರು. ಏನು ಬರೆದಿದ್ದಾರೆ ಅನ್ನುವುದಕ್ಕಿಂತ ಹೇಗೆ ಬರೆದಿದ್ದಾರೆ ಅನ್ನುವುದು ಮೊದಲು ಕಾಣಬೇಕು, ಅಲ್ವಾ? ಅವರ ಪ್ರಿಂಟ್‌ಗಳು ಪೇಂಟಿಂಗಿನ ಅಗ್ಗದ ನಕಲುಗಳಲ್ಲ. ತಗಡು ಗೀರಿ, ಮರ ಕೆತ್ತಿ ಮಾಡಿದ ಬೇರೆಯದೇ ಕೆಲಸ. 16ನೇ ಶತಮಾನದ ಮರದಚ್ಚಿನ ಚಿತ್ರಗಳನ್ನು ಪ್ರೀತಿಯಿಂದ ಸಂಗ್ರಹಿಸಿದವರು ಅವರು. ಆ ಪ್ರೀತಿ ಗೆರೆಯಲ್ಲಿ ಕಾಣುತ್ತದೆ.

ಹರಾಜಿಗೆ ಮುಂಚೆ ಕೆಲವು ದಿನ ಎಲ್ಲವನ್ನೂ ನೋಡಲು ಇಟ್ಟಿರುತ್ತಾರೆ. ಹೋಗಿ, ಫ್ರೇಮಿನಿಂದ ತೆಗೆದು ತೋರಿಸಿ ಅಂತ ಕೇಳಿದೆ. ಇದನ್ನು ಕೇಳಲೇಬೇಕು. ಗಾಜಿನ ಹಿಂದೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಆದರೆ ಬೆಲೆ ನಿಂತಿರುವುದು ಕಾಗದದ ಸ್ಥಿತಿಯ ಮೇಲೆ. ಎಚಿಂಗ್ ಒತ್ತುವಾಗ ತಗಡಿನ ಅಂಚು ಒದ್ದೆ ಕಾಗದದಲ್ಲಿ ತಗ್ಗಾಗಿ ಕೂರುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟು ಅದನ್ನು ನೋಡಿದೆ. ಭೂತಗನ್ನಡಿಯಲ್ಲಿ ಗೆರೆಯ ಶಾಯಿ ಸ್ವಲ್ಪ ಉಬ್ಬಿತ್ತು. ಚುಕ್ಕೆಗಳ ಸಾಲು ಕಂಡರೆ ಅದು ಆಫ್‌ಸೆಟ್, ಅಂದರೆ ಪುಸ್ತಕ, ಪತ್ರಿಕೆಗಳಂತೆ ಯಂತ್ರದಲ್ಲಿ ಅಚ್ಚಾದದ್ದು. ಆಮೇಲೆ ಅಂಚು ಕತ್ತರಿಸಿದ್ದಾರಾ, ಹಳೆಯ ಮೌಂಟಿನಿಂದ (ಚಿತ್ರದ ಸುತ್ತ ಇಡುವ ರಟ್ಟು) ಕಂದು ಗೆರೆ ಬಿದ್ದಿದೆಯಾ, ಹಿಂದೆ ಟೇಪಿನ ಅಂಟಿದೆಯಾ ಅಂತ ನೋಡಿದೆ. ಕಾಗದದ ಅಳತೆ, ಒಟ್ಟು ಪ್ರತಿಗಳ ಸಂಖ್ಯೆ ಎರಡನ್ನೂ ಅವರ ಪ್ರಿಂಟ್‌ಗಳ ಪೂರ್ಣ ಪಟ್ಟಿಯ ಜೊತೆ ತಾಳೆ ನೋಡಿದೆ. ಪ್ರಿಂಟಿನ ಮೇಲೆ ಬರೆದ 3/20 (20 ಪ್ರತಿಗಳಲ್ಲಿ 3ನೆಯದು) ಅನ್ನುವುದು 18/20ಕ್ಕಿಂತ ಒಳ್ಳೆಯದು ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಸಂಖ್ಯೆ ಹಾಕುವುದು ಅಚ್ಚಾದ ಕ್ರಮದಲ್ಲೇ ಅಂತೇನಿಲ್ಲ.

ಕ್ಯಾಟಲಾಗಿನ ಅಂದಾಜು ಬೆಲೆಯಲ್ಲಿ ಹರಾಜು ಮನೆಯ ಕಮಿಷನ್ ಸೇರಿರುವುದಿಲ್ಲ. 28% ಕಮಿಷನ್ ಅಂದರೆ 1,500 ಯೂರೋ ಕೂಗು 1,920 ಆಗುತ್ತದೆ. ಮರುಮಾರಾಟದಲ್ಲಿ ಕಲಾವಿದರಿಗೂ ಪಾಲಿದೆ. ಜರ್ಮನಿಯಲ್ಲಿ 50,000 ಯೂರೋವರೆಗೆ ಅದು 4%. 400 ಯೂರೋಗಿಂತ ಕಡಿಮೆಯ ಮಾರಾಟಕ್ಕೆ ಇಲ್ಲ. ಕಾನೂನಿನಂತೆ ಅದನ್ನು ಮಾರುವವರು ಕೊಡಬೇಕು, ಆದರೂ ಕೆಲವು ಮನೆಗಳು ಒಂದಂಶವನ್ನು ಕೊಳ್ಳುವವರ ಬಿಲ್ಲಿಗೆ ಹಾಕುತ್ತವೆ. ಷರತ್ತುಗಳನ್ನು ಪೂರ್ತಿ ಓದಿ. ಆನ್‌ಲೈನ್ ವೇದಿಕೆಯಲ್ಲಿ ಕೂಗಿದರೆ ಇನ್ನೊಂದಿಷ್ಟು ಸೇರುವುದುಂಟು.

ನಾನು ಖರ್ಚು ಮಾಡಬಹುದಾದ ಹಣದಲ್ಲಿ ಇದೆಲ್ಲ ಕಳೆದು ಉಳಿದದ್ದೇ ನನ್ನ ಗರಿಷ್ಠ ಕೂಗು. ಅದನ್ನು ಹರಾಜಿಗೆ ಮುಂಚೆಯೇ ಹರಾಜು ಮನೆಗೆ ಬರೆದು ಕೊಟ್ಟುಬಂದೆ. ಬೇರೆಯವರ ಕೂಗು ನಿಂತ ಕಡೆಯಿಂದ ಒಂದು ಹೆಜ್ಜೆ ಮಾತ್ರ ಹರಾಜು ಮನೆಯವರು ನಮ್ಮ ಪರವಾಗಿ ಮೇಲೆ ಹೋಗುತ್ತಾರೆ. ಸಭೆಯಲ್ಲಿ ಕೂತರೆ ಬಿಸಿ ಏರುತ್ತದೆ, ಲೆಕ್ಕ ತಪ್ಪುತ್ತದೆ. ಹಾಗಾಗಿ ನನಗೆ ಈ ದಾರಿಯೇ ಇಷ್ಟ. ಚಿತ್ರ ನನ್ನ ಮಿತಿಯೊಳಗೇ ಸಿಕ್ಕಿತು.

ಫ್ರೇಮಿಗೆ ಆಮ್ಲವಿಲ್ಲದ ಮೌಂಟ್, ಯುವಿ ತಡೆಯುವ ಗಾಜು ಹಾಕಿಸಿದೆ. ಬಿಸಿಲು ಬೀಳದ ಗೋಡೆ, ಹೀಟರ್‌ನಿಂದ ದೂರ. ಹರಾಜಿನ ಬಿಲ್ ಮತ್ತು ಕ್ಯಾಟಲಾಗಿನ ಪುಟವನ್ನು ಬೇರೆ ಫೈಲಿನಲ್ಲಿಟ್ಟಿದ್ದೇನೆ. ಮುಂದೆ ಮಾರುವವರಿಗೆ ಅವು ಬೇಕಾಗುತ್ತವೆ.