ಮೂರು ಸಲ ಮಸೆದ ಮೇಲೆ ಸಿಕ್ಕ ಚಾಕು

ಹೊಸ ಚಾಕುವಿನ ಬಾಯಿ ಮೊದಲ ಸಂಜೆಯೇ ಹೋಗಿತ್ತು. ಅಲಗನ್ನು ಉಗುರಿನ ಮೇಲೆ ಹಗುರವಾಗಿ ಎಳೆದರೆ ಎರಡು ಕಡೆ ತೊಡರುತ್ತಿತ್ತು. ದೀಪದ ಕೆಳಗೆ ಹಿಡಿದು ನೋಡಿದರೆ ಅದೇ ಎರಡು ಜಾಗದಲ್ಲಿ ಸಣ್ಣ ಬಿಳಿ ಗೆರೆ. ಹರಿತವಾದ ಅಂಚು ಬೆಳಕಿಗೆ ಹೊಳೆಯುವುದಿಲ್ಲ, ಹೊಳೆಯಲು ಅಲ್ಲಿ ಅಗಲವೇ ಇರುವುದಿಲ್ಲ. ಹೊಳೆಯಿತೆಂದರೆ ಅಲ್ಲಿ ಅಂಚು ಮಡಚಿಕೊಂಡಿದೆ ಎಂದೇ ಅರ್ಥ. ಒಂದು ಗಂಟೆ ಕೊಂಬೆ ಕಡಿದಿದ್ದಕ್ಕೇ ಈ ಗತಿಯೇ ಎಂದು ಬೇಸರವಾಗಿ ಅದನ್ನು ಪೆಟ್ಟಿಗೆಗೆ ಹಾಕಿಟ್ಟೆ. ಯಾರಿಗಾದರೂ ಕೊಟ್ಟುಬಿಡುವ ಯೋಚನೆಯೂ ಬಂದಿತ್ತು.

ನೋಡಲು ಮಾತ್ರ ಗಟ್ಟಿ ಆಳು. ಅಲಗು 24 ಸೆಂ.ಮೀ., ಬೆನ್ನು 5 ಮಿ.ಮೀ. ದಪ್ಪ, ತೂಕ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಮಡಚುವ ಕೀಲು ಇಲ್ಲ. ಅಲಗಿನ ಉಕ್ಕೇ ಹಿಡಿಯೊಳಗೆ ಕೊನೆಯವರೆಗೂ ಸಾಗಿ ಎರಡು ಪಕ್ಕೆಗಳ ನಡುವೆ ಬಿಗಿಯಾಗಿದೆ. ಉಕ್ಕು 1095 ಎಂಬ ಸಾದಾ ಜಾತಿಯದು. ಅದರಲ್ಲಿ ಇಂಗಾಲ ಶೇ. 0.95ರ ಆಸುಪಾಸು ಇರುತ್ತದೆ, ತುಕ್ಕು ತಡೆಯುವಷ್ಟು ಕ್ರೋಮಿಯಂ ಇರುವುದಿಲ್ಲ. ಬೆರಳಿನ ಮೇಲೆ ಅಡ್ಡಲಾಗಿ ತೂಗಿಸಿದರೆ ಹಿಡಿಯಿಂದ ಎರಡು ಬೆರಳು ಮುಂದೆ ಸಮನಾಗಿ ನಿಲ್ಲುತ್ತದೆ. ಭಾರವೆಲ್ಲ ಮೂತಿಯ ಕಡೆಗೆ, ಕಡಿಯುವ ಕೆಲಸಕ್ಕೆಂದೇ ಮಾಡಿದ ತೂಕ.

ಗಾಳಿಗೆ ಉರುಳಿದ್ದ ಮರವೊಂದು ಪರೀಕ್ಷೆಗೆ ಸಿಕ್ಕಿತ್ತು. ಮೊದಲು ಚಾಕು ಹಿಡಿದ ಕೈಯನ್ನು ಪೂರ್ತಿ ಚಾಚಿ ಸುತ್ತಲೂ ತಿರುಗಿ, ಯಾವ ರೆಂಬೆಯೂ ತಗಲುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಬೀಸಿದ ಅಲಗು ಮೇಲಿನ ಬಳ್ಳಿಗೆ ಸಿಕ್ಕಿ ದಿಕ್ಕು ತಪ್ಪಿದರೆ ಸೇರುವುದು ಮೊಣಕಾಲಿಗೆ. ಮಣಿಕಟ್ಟಿನಷ್ಟು ದಪ್ಪದ ಹಸಿ ಕೊಂಬೆಗೆ ನೆಟ್ಟಗೆ ಹೊಡೆದೆ. ಅಲಗು ಒಂದು ಬೆರಳು ಒಳಗಿಳಿದು ಕಚ್ಚಿಕೊಂಡು ಕುಳಿತಿತು. ಓರೆಯಾಗಿ ಎಡದಿಂದ ಒಂದು, ಬಲದಿಂದ ಒಂದು ಏಟು ಹಾಕುತ್ತ ಹೋದಾಗ ಚಕ್ಕೆಗಳು ಎದ್ದು ಬಿದ್ದವು. ತೋಳಿನ ಬಲ ಹಾಕಿದಷ್ಟೂ ಏಟು ಕೆಡುತ್ತದೆಂಬುದು ಬೇಗನೆ ಗೊತ್ತಾಯಿತು. ಹಿಡಿತವನ್ನು ತುಸು ಸಡಿಲಿಸಿ, ತಗಲುವ ಕ್ಷಣಕ್ಕೆ ಬಿಗಿದರೆ ಸಾಕು, ಮೂತಿಯ ಭಾರವೇ ಉಳಿದದ್ದನ್ನು ಮಾಡುತ್ತದೆ.

ಆಮೇಲೆ ಸೀಳುವ ಕೆಲಸ. ಒಣ ತುಂಡನ್ನು ನಿಲ್ಲಿಸಿ, ಅದರ ತಲೆಯ ಮೇಲೆ ಅಲಗನ್ನಿಟ್ಟು, ಬೆನ್ನಿನ ಮೇಲೆ ಮರದ ಕೊರಡಿನಿಂದ ಬಡಿಯುವುದು. ಅಲಗಿನ ಮೊನೆ ತುಂಡಿನಿಂದಾಚೆ ಮೂರು ಬೆರಳಾದರೂ ಹೊರಗೆ ಉಳಿಯಬೇಕು, ಇಲ್ಲವಾದರೆ ಬಡಿಯಲು ಜಾಗವೇ ಇರುವುದಿಲ್ಲ. ನೇರ ಎಳೆಯ ಮರ ನಾಲ್ಕೇ ಏಟಿಗೆ ಬಾಯಿಬಿಟ್ಟಿತು. ಗಂಟಿದ್ದ ತುಂಡಿನಲ್ಲಿ ಮಾತ್ರ ಚಾಕು ಅರ್ಧಕ್ಕೆ ಸಿಕ್ಕಿಕೊಂಡಿತು. ಹಟ ಹಿಡಿದು ಅತ್ತಿತ್ತ ತಿರುಚಿ ಬಿಡಿಸಿದೆ. ಅದು ನನ್ನದೇ ತಪ್ಪು. ನೇರವಾಗಿ ಬಿದ್ದ ಏಟಿಗಿಂತ ತಿರುಚುವಿಕೆಗೇ ಅಂಚು ಬೇಗ ಸೋಲುತ್ತದೆ. ಮಡಚಿದ್ದ ಎರಡು ಜಾಗಗಳಲ್ಲಿ ಒಂದರ ಲೆಕ್ಕವನ್ನು ನನ್ನ ಹೆಸರಿಗೇ ಬರೆಯಬೇಕು.

ಇನ್ನೊಂದು? ಅಲ್ಲಿ ಗಂಟೂ ಇರಲಿಲ್ಲ, ಕಲ್ಲೂ ಇರಲಿಲ್ಲ. ನಾಲ್ಕು ದಿನ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಅಂಚು ಚೂರಾಗಿ ಒಡೆದಿದ್ದರೆ ಉಕ್ಕು ಅತಿ ಗಡಸು ಎನ್ನಬಹುದಿತ್ತು. ಇದು ಮಡಚಿತ್ತು, ಅಂದರೆ ಮೆತ್ತಗಿತ್ತು. ಅಂಚು ಮಾತ್ರ ಏಕೆ ಮೆತ್ತಗಾಗಬೇಕು? ಇಂಥ ಉಕ್ಕನ್ನು ಗಡಸು ಮಾಡಿದ ಮೇಲೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಗೊಳಿಸುತ್ತಾರೆ. ಅನಂತರ ಕಾರ್ಖಾನೆಯಲ್ಲಿ ವೇಗವಾಗಿ ಓಡುವ ಮರಳುಪಟ್ಟಿಗೆ ಒತ್ತಿ ಬಾಯಿ ತೆಗೆಯುವಾಗ ತಣ್ಣೀರಿನ ಬಗ್ಗೆ ಕೈ ಬಿಗಿ ಮಾಡಿದರೆ, ಕೂದಲಿನಷ್ಟು ತೆಳುವಾದ ಆ ಅಂಚು ಕ್ಷಣಮಾತ್ರದಲ್ಲಿ ಅದಕ್ಕಿಂತ ಹೆಚ್ಚು ಕಾಯುತ್ತದೆ. ಕೊಟ್ಟ ಹದ ಅಲ್ಲಿಗೆ ಹೋಯಿತು. ಮೇಲಿನ ಬಣ್ಣಗೆಟ್ಟ ಪದರ ಹೊಳಪು ಕೊಡುವಾಗ ಅಳಿದುಹೋಗುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗಿದ್ದರೆ ಕೆಟ್ಟಿರುವುದು ಅಂಚಿನ ಒಂದಿಷ್ಟು ಮಾತ್ರ, ಒಳಗಿನ ಉಕ್ಕು ಚೆನ್ನಾಗಿರಬೇಕು. ಪೆಟ್ಟಿಗೆ ತೆರೆದೆ.

400ರ ಸಾಣೆಕಲ್ಲನ್ನು (ಈ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ನೆನೆಸಿ ಕುಳಿತೆ. ಅಂಚಿನ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಮಸಿ ಬಳಿದು ನಾಲ್ಕು ಬಾರಿ ಎಳೆದರೆ ಕಲ್ಲು ಎಲ್ಲಿ ತಾಗುತ್ತಿದೆ ಎಂಬುದು ಗೊತ್ತಾಗುತ್ತದೆ. ಮಸಿ ಇಳಿಜಾರಿನ ಬುಡದಲ್ಲಷ್ಟೇ, ಅಂದರೆ ಬೆನ್ನಿನ ಕಡೆಗಷ್ಟೇ, ಅಳಿದರೆ ಬೆನ್ನನ್ನು ತುಸು ಎತ್ತಬೇಕು. ಒಂದೊಂದು ಪಕ್ಕಕ್ಕೂ 20 ಡಿಗ್ರಿಯ ಆಸುಪಾಸು ಹಿಡಿದು, ಎದುರು ಪಕ್ಕದಲ್ಲಿ ಲೋಹದ ಸಣ್ಣ ಎಳೆ ಬೆರಳಿಗೆ ತಗಲುವವರೆಗೂ ಮಸೆದೆ. ಅನಂತರ 1000ದ ಕಲ್ಲು, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಬಾಯಿ ಹಿಂದಾಗುವಂತೆ ಎಳೆದು ಆ ಎಳೆಯನ್ನು ಕಳಚಿದೆ. ಇಷ್ಟಾದ ಮೇಲೂ ಮೊದಲ ಸಲ ಕಡಿದಾಗ ಮತ್ತೆ ಮಡಚಿತು, ಆದರೆ ಕಡಿಮೆ. ಎರಡನೆಯ ಸಲ ಇನ್ನೂ ಕಡಿಮೆ. ಮೂರನೆಯ ಸಲ ಮಸೆದು, ಅದೇ ಮರದ ಅದೇ ದಪ್ಪದ ಕೊಂಬೆಗಳನ್ನು ಒಂದು ಗಂಟೆ ಕಡಿದು ದೀಪಕ್ಕೆ ಹಿಡಿದೆ. ಬಿಳಿ ಗೆರೆ ಇರಲಿಲ್ಲ.

ಈ ನಡುವೆ ಅಂಗೈ ಬೊಕ್ಕೆ ಎದ್ದಿತ್ತು. ಕೈಗವಸು ಹಾಕಿಕೊಂಡು ಕೆಲಸ ಮಾಡಿದ್ದರೆ ಹಿಡಿಯ ದೋಷ ತಿಳಿಯುತ್ತಲೇ ಇರಲಿಲ್ಲ. ಬೊಕ್ಕೆ ಎದ್ದಲ್ಲಿಗೆ ಸರಿಯಾಗಿ ಹಿಡಿಯ ಮೂಲೆಯನ್ನು 220ರ, ಆಮೇಲೆ 400ರ ಉಜ್ಜುಕಾಗದದಿಂದ ಉರುಟು ಮಾಡಿದೆ. ಅರ್ಧ ಗಂಟೆಯ ಕೆಲಸ. ಅಲಗಿನ ಗುಣದಷ್ಟೇ ವ್ಯತ್ಯಾಸ ಅದರಿಂದಲೂ ಆಯಿತೆಂದರೆ ನಂಬಲಿಕ್ಕಿಲ್ಲ.

ಬೆಂಕಿಕಡ್ಡಿ ಇಲ್ಲದಾಗ ಉಜ್ಜುವ ಫೆರೋ ಸರಳಿಗೆ ಚಾಕುವಿನ ಬೆನ್ನು ಕಿಡಿಯನ್ನೇ ಕೊಡಲಿಲ್ಲ. ಕಪ್ಪು ಲೇಪ, ಉರುಟು ಅಂಚು, ಹಾಗಾಗಿ ಕೆರೆಯುವ ಗುಣವಿಲ್ಲ. ಬೆನ್ನಿನ ಐದು ಸೆಂ.ಮೀ. ಉದ್ದಕ್ಕೆ ಅರ ಹಾಕಿ ಮೂಲೆ ಚೌಕ ಮಾಡಿದೆ. ಉಕ್ಕು ಗಡಸು, ಅರ ಜಾರಿ ಜಾರಿ ಕಷ್ಟಪಟ್ಟೇ ಕಚ್ಚಿತು. ಈಗ ಒಂದೇ ಎಳೆತಕ್ಕೆ ಕಿಡಿ ಸುರಿಯುತ್ತದೆ.

ಒಪ್ಪಿಕೊಳ್ಳಬೇಕಾದ ಸೋಲುಗಳೂ ಇವೆ. ಬೆಂಕಿ ಹೊತ್ತಿಸಲು ಕಡ್ಡಿಯನ್ನು ಗರಿಗರಿಯಾಗಿ ಹೆರೆಯುವಾಗ ಮುಂದಿನ ಭಾರ ಕೈಯನ್ನು ಕೆಳಗೆಳೆಯುತ್ತದೆ. ಹಿಡಿಯ ಪಕ್ಕದ ಅಲಗಿನಿಂದ ಹೆರೆದರೂ ಹತ್ತು ನಿಮಿಷಕ್ಕೆ ಮಣಿಕಟ್ಟು ನೋಯುತ್ತದೆ. ಕಡಿಯಲು ನೆರವಾಗುವ ತೂಕವೇ ಇಲ್ಲಿ ಶತ್ರು. ಅದಕ್ಕೆಂದೇ 10 ಸೆಂ.ಮೀ. ಅಲಗಿನ ಪುಟ್ಟ ಚಾಕುವೊಂದು ಜೊತೆಗೆ ಬರುತ್ತದೆ. ಮಣಿಕಟ್ಟಿಗಿಂತ ದಪ್ಪದ ಮರವಾದರೆ ಮಡಚುವ ಸಣ್ಣ ಗರಗಸ ಅರ್ಧ ಶ್ರಮದಲ್ಲಿ ಕೆಲಸ ಮುಗಿಸುತ್ತದೆ, ಸದ್ದೂ ಕಡಿಮೆ, ಅಪಾಯವೂ ಕಡಿಮೆ.

ಒಮ್ಮೆ ಒದ್ದೆ ಅಲಗನ್ನು ಚರ್ಮದ ಒರೆಯಲ್ಲೇ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಲೇಪ ಸವೆದ ಕಡೆಯೆಲ್ಲ ಕಿತ್ತಳೆ ಚುಕ್ಕೆಗಳು. ಎಣ್ಣೆ ಹಚ್ಚಿ ತಿಕ್ಕಿದಾಗ ಹೋದವು. ಅಂದಿನಿಂದ ಒರೆ ನಡೆಯುವಾಗ ಮಾತ್ರ. ಮನೆಗೆ ಬಂದರೆ ಚಾಕು ಒರೆಯಿಂದ ಹೊರಗೆ, ಎಣ್ಣೆಬಟ್ಟೆಯೊಳಗೆ. ಹಸಿ ಮರದ ರಸ ತಾಗಿ ಅಂಚಿನುದ್ದಕ್ಕೂ ಬೂದುಗಪ್ಪು ಬಣ್ಣ ಏರುತ್ತಿದೆ, ಅದನ್ನು ಉಜ್ಜಿ ತೆಗೆಯಲು ಹೋಗಿಲ್ಲ.